ರುದ್ರಯ್ಯನವರನ್ನು ಕೂರಿಸಿದ್ದರೇ?

2006ರ ಜನವರಿ 18, ಬುಧವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ. ರಾಜಾಜಿನಗರದಲ್ಲಿ ಹಳೆಯ ಕಟ್ಟಡಗಳ ನಕ್ಷೆ ತಯಾರಿಸುವ ಸಣ್ಣ ಆಫೀಸೊಂದಕ್ಕೆ ನಾನು ಟ್ರೈನಿಯಾಗಿ ಸೇರಿ ಏಳು ತಿಂಗಳಾಗಿತ್ತು. ಕೈದಿಗಳನ್ನು ಊರಾಚೆಗೆ ಸಾಗಿಸಿ ಖಾಲಿ ಮಾಡಿದ್ದ, ಬ್ರಿಟಿಷರ ಕಾಲದ ಜೈಲೊಂದನ್ನು ಆಗ ಅಳೆಯುತ್ತಿದ್ದೆವು. ಇದಕ್ಕೆ ಮೆಷರ್ಡ್ ಡ್ರಾಯಿಂಗ್ ಎನ್ನುತ್ತಾರೆ: ಕಟ್ಟಡ ಈಗ ಹೇಗಿದೆಯೋ ಹಾಗೆ, ಬಿರುಕಿನ ಸಮೇತ, ಕಾಗದಕ್ಕೆ ಇಳಿಸುವುದು. ನನ್ನ ಪಾಲಿಗೆ ಬಂದಿದ್ದು ಬ್ಯಾರಕ್‌ಗಳು ಮತ್ತು ಅಡುಗೆಮನೆ.

ಆ ಹೊತ್ತಿಗೆ ಒಳಗೆ ಬಂದವರು ಚಂದ್ರಾ ಲೇಔಟ್‌ನ ಗೌರಮ್ಮ, ಎಪ್ಪತ್ತೆರಡು ವರ್ಷದವರು. ನಿಂತೇ ಕೇಳಿದರು: "ಜೈಲು ಅಳೀತಿರೋರು ನೀವೇನಾ? ಹೂಳೋ ಜಾಗಾನೂ ಅಳೆದ್ರಾ?"

ಅವರ ತಂದೆ ರುದ್ರಯ್ಯ, ತಿಪಟೂರು ಕಡೆಯವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಜೈಲಿನಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಮನೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಸ್ವಾತಂತ್ರ್ಯ ಹೋರಾಟಗಾರರಾಮ್ಮ?" ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ಉತ್ಸಾಹದಿಂದ ಕೇಳಿದರು.

"ಅಲ್ಲಪ್ಪ, ಕೊಲೆ ಕೇಸು. ಬದುವಿನ ಜಗಳ," ಎಂದರು ಗೌರಮ್ಮ. ಡ್ರಾಫ್ಟ್ಸ್‌ಮನ್ ಮತ್ತೆ ಸ್ಕೇಲು ಹಿಡಿದು ಬಗ್ಗಿದರು.

ಗೌರಮ್ಮ ನನ್ನ ಕಡೆ ತಿರುಗಿದರು. "ನಮ್ಮಲ್ಲಿ ಸುಡಲ್ಲ ಕಣಮ್ಮ. ಕೂರಿಸಿ, ಕೈಗೆ ಲಿಂಗ ಕೊಟ್ಟು ಮಣ್ಣು ಮಾಡ್ತೀವಿ. ಅಪ್ಪನ್ನ ಕೂರಿಸಿದ್ರಾ, ಮಲಗಿಸಿದ್ರಾ, ಸುಟ್ರಾ? ನಮ್ಮವ್ವ ಸಾಯೋವರೆಗೂ ಅದನ್ನೇ ಕೇಳಿದ್ಲು. ಈಗ ನಂಗೂ ವಯಸ್ಸಾಯ್ತು."

ಹೂಳುವ ಜಾಗ ಗೋಡೆಯಾಚೆ ಇತ್ತಂತೆ. ಅದು ಈಗ ಯಾವ ರಸ್ತೆಯ ಕೆಳಗಿದೆಯೋ ಯಾರಿಗೂ ಗೊತ್ತಿರಲಿಲ್ಲ. ಆ ಕಾಲ ಕಂಡವರಲ್ಲಿ ಉಳಿದಿದ್ದು ಕುರುಬರಹಳ್ಳಿಯ ಮುನಿಯಪ್ಪ ಒಬ್ಬರೇ, ಎಂಬತ್ತೇಳು ವರ್ಷದವರು. ಯುದ್ಧದ ಕಾಲದಲ್ಲಿ ಅವರು ಅಲ್ಲಿ ಕೈದಿ-ವಾರ್ಡರ್ ಆಗಿದ್ದರು. ದೀರ್ಘ ಶಿಕ್ಷೆಯವರಲ್ಲಿ ನಡತೆ ಚೆನ್ನಾಗಿದ್ದವರನ್ನು ಉಳಿದ ಕೈದಿಗಳ ಕಾವಲಿಗೆ ಹಾಕುವುದು ಬ್ರಿಟಿಷರ ಕಾಲದ ಜೈಲುಗಳ ಪದ್ಧತಿ. ಅಡುಗೆಮನೆಯ ವಿವರಕ್ಕಾಗಿ ನಾನು ಅವರನ್ನು ಎರಡು ಸಲ ಮಾತಾಡಿಸಿದ್ದೆ. 22ರ ಭಾನುವಾರ ಗೌರಮ್ಮನವರನ್ನು ಅಲ್ಲಿಗೆ ಕರೆದೊಯ್ದೆ.

"ಯಾವ ಕೇಸಮ್ಮ ನಿಮ್ಮಪ್ಪಂದು?"

"ಕೊಲೆ."

"ಹಂಗಾದ್ರೆ ನಮ್ಮೋರೇ ಬಿಡಿ," ಎಂದು ಮುನಿಯಪ್ಪ ಬೊಚ್ಚುಬಾಯಿ ತೆರೆದು ನಕ್ಕರು. ಗೌರಮ್ಮನಿಗೂ ನಗು ಬಂತು.

ಸತ್ತವರನ್ನು ಹೊರುವ ಕೆಲಸವೂ ತಮ್ಮದೇ ಆಗಿತ್ತು ಎಂದರು ಮುನಿಯಪ್ಪ. ನೇಣು ಹಾಕಿಕೊಂಡಾರೆಂದು ದಾರ ಇರುವುದನ್ನೆಲ್ಲ, ಉಡುದಾರವನ್ನೂ, ಗೇಟಿನಲ್ಲೇ ಬಿಚ್ಚಿಸುತ್ತಿದ್ದರಂತೆ.

"ಹಂಗಾದ್ರೆ ಕೊರಳಿನ ಲಿಂಗ?" ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮುನಿಯಪ್ಪ ಅವರ ಮುಖ ನೋಡಿದರು. "ನಿಮ್ಮಪ್ಪನ್ನ ಕೂರಿಸೇ ಇಟ್ವಮ್ಮ. ಜೈಲರು ಲಿಂಗ ವಾಪಸ್ ಕೊಟ್ಟಿದ್ರು. ನಾನೇ ಕೈಗೆ ಇಟ್ಟೆ."

"ಯಾವ ಕೈಗೆ?"

"ಬಲಗೈಗೆ."

ಗೌರಮ್ಮ ಕೈಮುಗಿದರು. "ಪುಣ್ಯ ಬರ್ಲಿ ನಿಮಗೆ."

ವಾಪಸ್ ಬರುವಾಗ ಆಟೋ ಬಸವೇಶ್ವರನಗರ ದಾಟಿತು. ಗೌರಮ್ಮ ಹೇಳಿದರು: "ಎಡಗೈ ಕಣಮ್ಮ. ಲಿಂಗ ಇಡೋದು ಎಡಗೈಗೆ."

"ಎದುರಿಗೆ ನಿಂತೋರಿಗೆ ಎಡ ಬಲ ಅದಲುಬದಲಾಗಿ ಕಾಣುತ್ತೆ ಅಮ್ಮ," ಎಂದೆ.

"ಈಗ ನೀನೂ ಸಮಾಧಾನ ಹೇಳೋಕೆ ಶುರು ಮಾಡ್ಕೊಂಡ್ಯಾ?"

25ರಂದು ನಾನೊಬ್ಬಳೇ ಮತ್ತೆ ಕುರುಬರಹಳ್ಳಿಗೆ ಹೋದೆ. "ಅವರಪ್ಪನ ಮುಖಾನೇ ನೆನಪಿಲ್ಲ ಕಣವ್ವ. ಎಷ್ಟು ಜನಾನ ಹೊತ್ತಿದೀನೋ! ಆಯಮ್ಮ ಅಳ್ತಿತ್ತು, ಇನ್ನೇನು ಹೇಳ್ಲಿ?" ಎಂದರು ಮುನಿಯಪ್ಪ. ಒಬ್ಬರನ್ನಾದರೂ ಕೂರಿಸಿ ಹೂತಿದ್ದುಂಟೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಆ ಜೂನ್‌ನಲ್ಲಿ ಅವರೂ ತೀರಿಕೊಂಡರು.

ಹಳೆಯದನ್ನು ಕಂಡವರ ಬಳಿಗೆ ನಾನೀಗ ಮೊದಲು ಒಬ್ಬಳೇ ಹೋಗುತ್ತೇನೆ. ಕಳೆದುಕೊಂಡವರು ಎದುರಿಗೆ ಕೂತಿದ್ದರೆ ಯಾರೂ ಸಾಕ್ಷಿ ಹೇಳುವುದಿಲ್ಲ, ಸಮಾಧಾನ ಹೇಳುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನು.

ಈಗ 2009. ಗೌರಮ್ಮ ಇದ್ದಾರೆ. ಹೋದಾಗ ಕಾಫಿ ಕೊಡುತ್ತಾರೆ, ಆ ವಿಷಯ ಎತ್ತುವುದಿಲ್ಲ. ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಜೈಲಿನಲ್ಲಿ ಸತ್ತವರನ್ನು ಹೊತ್ತವರು, ಗುಂಡಿ ತೋಡಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ, ಅವರು ಹೇಳಿದ್ದು ನಿಮಗೆ ನೆನಪಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕೂರಿಸಲಿಲ್ಲ, ಸುಟ್ಟರು ಎಂಬುದೇ ನಿಜವಾದರೆ ಅದನ್ನೇ ಬರೆಯಿರಿ.