ಮರೀಗೌಡರ ಎಡಗಡೆ

ದೆವ್ವ, ಗಾಳಿ, ಸತ್ತವರು ಮನೆಯಲ್ಲೇ ಸುಳಿದಾಡುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಕಣ್ಣಿನ ಪರೀಕ್ಷೆ ಮಾಡುವುದು ನನ್ನ ಕೆಲಸ. ಇಲ್ಲದ್ದನ್ನು ಕಂಡೆ ಅನ್ನುವವರಿಗೆ ಕಾರಣ ಹೇಳಿ ಸಮಾಧಾನ ಮಾಡಿ ಕಳಿಸಿ ಅಭ್ಯಾಸವಾಗಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಕೂಟಗಲ್ ಕಡೆಯ ಒಂದು ಹಳ್ಳಿಯಲ್ಲಿ ನನಗೇ ಆದದ್ದಕ್ಕೆ ಇವತ್ತಿಗೂ ಕಾರಣ ಸಿಕ್ಕಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಆಗ ನಾನು ರಾಮನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿದ್ದೆ. ಗ್ಲಾಕೋಮಾ ಇರುವವರ ಮನೆಗಳಿಗೆ ಹೋಗಿ, ಅವರ ದಿನ ಹೇಗೆ ಸಾಗುತ್ತದೆ ಎಂದು ಕೇಳಿ ತಿಳಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈ ಕಾಯಿಲೆಯಲ್ಲಿ ಕಣ್ಣಿನ ನರ ಸೊರಗಿ, ನೋಟ ಅಂಚಿನಿಂದ ಸದ್ದಿಲ್ಲದೆ ಕರಗುತ್ತಾ ಬರುತ್ತದೆ. ಹೋದದ್ದು ಮರಳುವುದಿಲ್ಲ. ಹನಿ ಔಷಧ ಹಾಕಿಕೊಂಡು ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಅಷ್ಟೆ. ಮೆಟ್ಟಿಲು ಇಳಿಯಲು ಭಯವೇ, ಪಕ್ಕದಿಂದ ಬಂದವರು ಕಾಣುತ್ತಾರೆಯೇ, ಒಬ್ಬರೇ ಹೊರಗೆ ಹೋಗುವುದನ್ನು ಬಿಟ್ಟಿದ್ದೀರಾ, ಹೀಗೆ ಕೇಳುತ್ತಾ ಹೋಗುತ್ತಿದ್ದೆ.

ಹಾಗೆ ಹೋದ ಮನೆಗಳಲ್ಲಿ ಆ ಹಳ್ಳಿಯ ಮರೀಗೌಡರದೂ ಒಂದು. ಅವರಿಗೆ ಎಪ್ಪತ್ತು ದಾಟಿತ್ತು. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿತ್ತು. ನಾನು ಹೋದ ಕೂಡಲೇ ಅವರ ಸೊಸೆ ಸವಿತಾ ನನ್ನನ್ನು ಅಡುಗೆಮನೆಗೆ ಕರೆದಳು.

"ಮೇಡಮ್, ಮಾವ ದಿನಾ ಒಬ್ರೇ ಸೊಪ್ಪಿನ ತೋಟಕ್ಕೆ ಹೋಯ್ತಾರೆ. ದಾರೀಲಿ ಬಾವಿ ಐತೆ, ಕಟ್ಟೆ ಇಲ್ಲ. ನನ್ ಮಾತು ಕೇಳಾಕಿಲ್ಲ. ನೀವಾದ್ರೂ ಬ್ಯಾಡ ಅನ್ನಿ. ನಮ್ಮಪ್ಪ ಇಲ್ಲದ್ ಕೊರತೆ ಕಾಣ್ದಂಗೆ ನೋಡ್ಕಂಡೋರು. ಏನಾರಾ ಆಗ್ಬುಟ್ರೆ ನಾನ್ ತಡ್ಕಳಾಕಾಗಲ್ಲ."

ಹೇಳುತ್ತೇನೆ ಎಂದು ಒಪ್ಪಿಕೊಂಡು ಜಗುಲಿಗೆ ಬಂದೆ. ನಡೆಯುವಾಗ ಪಕ್ಕದಲ್ಲಿರುವುದು ತಗಲುತ್ತದೆಯೇ ಎಂದು ಕೇಳಿದೆ.

"ಬಲಗಡೆ ತಗಲ್ತದೆ ಕಣವ್ವ. ಬಾಗ್ಲು, ಕಂಬ, ಹಸೀನ್ ಕೊಂಬು, ಎಲ್ಲಾನೂವೆ. ಎಡಗಡೆ ಏನೂ ತಗಲಾಕಿಲ್ಲ."

"ಎಡಗಡೆ ನಿಮಗೆ ಕಾಣೋದೇ ಇಲ್ವಲ್ಲ ಗೌಡ್ರೆ?"

"ನಂಗ್ ಕಾಣಾಕಿಲ್ಲ. ಕೆಂಪಿಗೆ ಕಾಣ್ತದಲ್ಲ" ಎಂದರು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ನನ್ನ ಹಿಂದೆಯೇ ಬಂದಿದ್ದ ಸವಿತಾ ಮೆಲ್ಲಗೆ ವಿವರಿಸಿದಳು. ಕೆಂಪಮ್ಮ ಅವಳ ಅತ್ತೆ. ಗಂಡನ ಎಡಗಣ್ಣು ಮಂಜಾದಾಗಿನಿಂದ ಆಕೆ ಅವರ ಎಡಗಡೆಯೇ ನಡೆಯುತ್ತಿದ್ದರಂತೆ, ಗುಂಡಿ ಕಲ್ಲು ಕಂಡರೆ ಮೊಣಕೈ ಹಿಡಿದು ಎಳೆಯುತ್ತಿದ್ದರಂತೆ. ಆಕೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಪಾಪ, ಮನಸ್ಸಿಗೆ ಒಂದು ಆಸರೆ ಬೇಕಲ್ಲ, ಎಂದುಕೊಂಡೆ.

ದಾರಿ ನೋಡದೆ ಬೇಡ ಅನ್ನುವುದು ಹೇಗೆ? ನಾನೂ ತೋಟಕ್ಕೆ ಬರುತ್ತೇನೆ ಎಂದೆ. ಸಂಜೆ ಬಿಸಿಲು ಇಳಿದಿತ್ತು. ಸವಿತಾ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಲು ಮನೆಯಲ್ಲೇ ಉಳಿದಳು. ಗೌಡರು ಮುಂದೆ, ಸ್ವಲ್ಪ ದೂರದಲ್ಲಿ ನಾನು. ಬಲಕ್ಕೆ ಲಂಟಾನ ಬೇಲಿ, ಎಡಕ್ಕೆ ಬಾವಿ. ಪೈಪು ಹೂಳಲು ಪಕ್ಕದ ಹೊಲದವರು ಅವತ್ತೇ ಬಾವಿಯ ಬಳಿ ಕಾಲುವೆ ತೋಡಿ, ದಾರಿಯ ಎಡ ಅರ್ಧವನ್ನು ಕಿತ್ತಿದ್ದರು. ಗೌಡರಿಗೆ ಅದು ಗೊತ್ತಿರಲಿಲ್ಲ. ನಾನು ಕೂಗುವಷ್ಟರಲ್ಲಿ ಅವರು ಬಲಕ್ಕೆ ವಾಲಿ, ಬೇಲಿಗೆ ಭುಜ ಉಜ್ಜಿಕೊಂಡು, ತಲೆಯನ್ನೂ ತಿರುಗಿಸದೆ ದಾಟಿಬಿಟ್ಟರು.

ನಾನು ಅವರ ಬೆನ್ನನ್ನೇ ನೋಡುತ್ತಾ ಮುಂದೆ ಹೆಜ್ಜೆ ಇಟ್ಟೆ. ಯಾರೋ ನನ್ನ ಎಡ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ಕಾಲ ಕೆಳಗಿನ ಸಡಿಲ ಮಣ್ಣು ಕುಸಿದು ಬಾವಿಗೆ ಬಿತ್ತು. ನೀರು ಗುಳುಂ ಅಂದ ಸದ್ದು ಮೇಲೆ ಬಂತು. ಸವಿತಾ ಬಂದಳೆಂದುಕೊಂಡು ತಿರುಗಿದೆ. ಮನೆಯವರೆಗೂ ದಾರಿ ಖಾಲಿ ಇತ್ತು.

ಮುಂದಿದ್ದ ಗೌಡರು ನಿಂತರು. "ಹಿಡ್ಕಂಡ್ಲಾ? ಒಸಿ ಬಿಗಿಯಾಗೇ ಹಿಡೀತಾಳೆ. ಬೇಜಾರ್ ಮಾಡ್ಕಬ್ಯಾಡ ಕಣವ್ವ, ನೋಡ್ಕಂಡ್ ಬಾ."

ಮಣ್ಣು ಬಿದ್ದ ಸದ್ದು ಕೇಳಿ ಹಾಗೆ ಹೇಳಿರಬಹುದು. ನಾನು ಬೇಲಿಗೆ ಒತ್ತಿಕೊಂಡು ಕಾಲುವೆ ದಾಟಿದೆ. ತೋಟದಲ್ಲಿ ಅವರು ಎಲೆಗಳನ್ನು ಬೆರಳಿಂದ ಸವರಿ, ಎಳೆಯದನ್ನು ಬಿಟ್ಟು ಬಲಿತದ್ದನ್ನು ಕೀಳುತ್ತಾ ಗುನುಗುತ್ತಿದ್ದರು. ಆ ಮುಖ ನೋಡಿ, ನಾಳೆಯಿಂದ ಬರಬೇಡಿ ಎನ್ನಲು ನನ್ನಿಂದಾಗಲಿಲ್ಲ. ಮನೆಗೆ ಮರಳಿ ಸವಿತಾಳಿಗೆ ಮಣ್ಣು ಕುಸಿದದ್ದನ್ನು ಹೇಳಿದೆ, ಮೊದಲು ಬಾವಿಗೆ ಕಟ್ಟೆ ಕಟ್ಟಿಸಿ ಎಂದೆ. ಕೈ ಹಿಡಿದು ಎಳೆದ ವಿಷಯ ಹೇಳಲಿಲ್ಲ.

ಮತ್ತೊಮ್ಮೆ ಹೋದಾಗ ಕಟ್ಟೆ ಎದ್ದಿತ್ತು. ಹಿಡಿದು ನಡೆಯಲೆಂದು ದಾರಿಯುದ್ದಕ್ಕೂ ಹಗ್ಗವನ್ನೂ ಕಟ್ಟಿದ್ದರು, ಬಲಗಡೆ ಮಾತ್ರ.

"ಎಡಗಡೆಗೂ ಕಟ್ಟಾಕೋದ್ವಿ ಮೇಡಮ್" ಎಂದಳು ಸವಿತಾ. "'ಅಲ್ಲೂ ಕಟ್ಬುಟ್ರೆ ನಿಮ್ಮತ್ತೆ ಎಲ್ಲಿ ನಡೀಬೇಕು?' ಅಂದ್ರು." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಹೋದ್ಯೋಗಿಗಳಿಗೆ ಇದನ್ನು ಹೇಳಿದ್ದೇನೆ. ಕಾಲು ಜಾರಿದಾಗ ಮೈ ತಾನಾಗಿ ಹಿಂದಕ್ಕೆ ಸೆಳೆದುಕೊಳ್ಳುತ್ತದೆ ಎನ್ನುತ್ತಾರೆ. ಇರಬಹುದು, ಬೇರೆಯವರಿಗಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನನ್ನು ಹಿಡಿದ ಬೆರಳುಗಳು ಒರಟಾಗಿದ್ದವು, ಬೆಚ್ಚಗಿದ್ದವು, ಮತ್ತು ನಾನು ನೆಟ್ಟಗೆ ನಿಂತ ಮೇಲೂ ಒಂದು ಕ್ಷಣ ಬಿಡಲಿಲ್ಲ.