ಕೆಸರು ಸಮೇತ ತೂಕ

ಟಿಕ್, ಟಿಕ್, ಟಿಕ್. ಮರಿಯೆಲೋಸ್ ಇಪ್ಪತ್ತೈದು ಕೊಲೋನಿನ ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು, ಕಪ್ಪು ಸೈಕಲ್ ಫ್ರೇಮಿನ ಮೈಯುದ್ದಕ್ಕೂ ಬಡಿಯುತ್ತ ಬಂದಳು. ಕಾರ್ಬನ್ ನಾರಿನ ಫ್ರೇಮು ಒಳಗೆ ಬಿರುಕು ಬಿಟ್ಟಿದ್ದರೆ ಆ ಜಾಗದಲ್ಲಿ ಸದ್ದು ಮಂಕಾಗುತ್ತದೆ, ಕೊಳೆತ ಕಲ್ಲಂಗಡಿಯನ್ನು ತಟ್ಟಿದ ಹಾಗೆ. ಎಲ್ಲೂ ಮಂಕಾಗಲಿಲ್ಲ. ಪಕ್ಕದಲ್ಲಿದ್ದ ಬೂದು ಫ್ರೇಮನ್ನೂ ಹಾಗೇ ಬಡಿದು ನೋಡಿದಳು. ಅದೂ ಚೊಕ್ಕವಾಗಿ ಉತ್ತರ ಕೊಟ್ಟಿತು.

"ಏನನ್ನುತ್ತೆ?" ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ದೊನ್ ಎಲಾದಿಯೊ ಕೇಳಿದರು.

"ಎರಡೂ ಗಟ್ಟಿ ಇವೆ."

"ಹಾಗಾದ್ರೆ ಮುಗೀತು. ಬೆಲೆ ಎರಡಕ್ಕೂ ಒಂದೇ. ಕಪ್ಪದು ಎಂಟುನೂರ ಎಪ್ಪತ್ತು ಗ್ರಾಂ, ಬೂದೀದು ಸಾವಿರದ ನೂರಾ ಮೂವತ್ತು. ಕಣ್ಣಿರೋನು ಯಾವನಾದ್ರೂ ಕಪ್ಪದನ್ನೇ ಎತ್ಕೋತಾನೆ."

"ಕಣ್ಣಿರೋರು ಎತ್ಕೋತಾರೆ. ಬೆಟ್ಟ ಹತ್ತಿಸೋರು ಬೇರೆ ಇರ್ತಾರಲ್ಲ," ಎಂದು ಮರಿಯೆಲೋಸ್ ನಾಣ್ಯವನ್ನು ಜೇಬಿಗೆ ಹಾಕಿಕೊಂಡಳು.

ತುರಿಯಾಲ್ಬ ಊರಿನ ಮೇಲಿನ ಬೀದಿಯಲ್ಲಿರುವ ಈ ಅಂಗಡಿ ಒಂದು ಕಾಲಕ್ಕೆ ಅವಳ ತಾಯಿಯ ಕಿರಾಣಿ ಅಂಗಡಿಯಾಗಿತ್ತು. ಅವರೆ, ಜೋಳ, ಬೆಲ್ಲದಚ್ಚು ಮಾರುತ್ತಿದ್ದ ಜಾಗದಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಮರಿಯೆಲೋಸ್ ಬ್ರೆಡ್ ಮಾರುವವರ ಭಾರದ ಸೈಕಲ್ಲುಗಳನ್ನು ರಿಪೇರಿಗೆಂದು ತಲೆಕೆಳಗು ಮಾಡಿ ನಿಲ್ಲಿಸಿದಳು. ಕಬ್ಬಿಣ ಅವಳಿಗೆ ಅಡುಗೆಯಷ್ಟೇ ಸಲೀಸು. ಬಾಗಿದ್ದನ್ನು ನೆಟ್ಟಗೆ ಮಾಡುವುದು, ಮುರಿದಿದ್ದನ್ನು ಬೆಸೆಯುವುದು. ನಲವತ್ತು ದಾಟಿದ ಮೇಲೆ ಮೊದಲ ಕಾರ್ಬನ್ ಫ್ರೇಮು ಅಂಗಡಿಗೆ ಬಂತು. ಕಬ್ಬಿಣವನ್ನು ಬಿಗಿದ ಹಾಗೇ ಅದನ್ನೂ ಬಿಗಿದಳು. ಸೀಟಿನ ಕೊಳವೆ ಚಟ್ಟನೆ ಸೀಳಿತು. ಆ ದಿನ ಊಟ ಮಾಡಲಿಲ್ಲ. ಮರುದಿನ ರಾಜಧಾನಿ ಸಾನ್ ಹೊಸೆಗೆ ಬಸ್ಸು ಹತ್ತಿ, ಎಷ್ಟು ಬಿಗಿ ಎಂದು ಮುಳ್ಳು ತೋರಿಸುವ ಸ್ಪ್ಯಾನರನ್ನು ಕೊಂಡು ತಂದಳು. ಆಮೇಲಿನ ಹನ್ನೆರಡು ವರ್ಷದಲ್ಲಿ ಅವಳ ಕೈಯಲ್ಲಿ ಒಂದೂ ಸೀಳಿಲ್ಲ. ಈಗ ಅವಳಿಗೆ ಐವತ್ನಾಲ್ಕು. ಲಿಮೋನಿನಿಂದ, ಕರ್ತಾಗೊದಿಂದ ಜನ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಅವಳು ಮೊದಲು ಕೇಳುವ ಪ್ರಶ್ನೆ, ನಿಮ್ಮ ಮನೆ ದಾರಿ ಹೇಗಿದೆ ಎಂಬುದು.

ಈ ಎರಡು ಫ್ರೇಮುಗಳು ಬಂದಿದ್ದು ಗ್ರೆಟೆಲ್‌ಗಾಗಿ. ಜ್ವಾಲಾಮುಖಿಯ ಇಳಿಜಾರಿನಲ್ಲಿ ಹಸುಗಳ ನಡುವೆ ಬೆಳೆದ ಹುಡುಗಿ. ಬೆಳಿಗ್ಗೆ ತಂದೆಯ ಜೊತೆ ಚೀಸು ಮಾಡಿ, ಅಚ್ಚುಗಳನ್ನು ಒತ್ತಿಟ್ಟು, ಹತ್ತಕ್ಕೆ ಸೈಕಲ್ ಹತ್ತುತ್ತಾಳೆ. ಕಳೆದ ವರ್ಷ ಊರಿನ ಸೈಕಲ್ ಸಂಘ ಅವಳಿಗೆ ಸೈಕಲ್ ಕೊಡಿಸಿ ಪ್ರಾಂತದ ಆಯ್ಕೆಯ ಸ್ಪರ್ಧೆಗೆ ಕಳಿಸಿತ್ತು. ಸಾಬೂನು ಏರು ಎಂದು ಜನ ಕರೆಯುವ ಜೇಡಿಮಣ್ಣಿನ ಗುಡ್ಡದಲ್ಲಿ ಅವಳ ಹಿಂದಿನ ಚಕ್ರ ಕೆಸರು ಕಟ್ಟಿ ನಿಂತೇ ಹೋಯಿತು. ನಾಲ್ಕು ಕಿಲೋಮೀಟರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದಳು. ಗಡುವು ಮೀರಿ ಹನ್ನೊಂದು ನಿಮಿಷಕ್ಕೆ ಗೆರೆ ಮುಟ್ಟಿದಳು. ಸಂಘದ ನಿಯಮ ಒಬ್ಬರಿಗೆ ಎರಡೇ ಅವಕಾಶ. ಸ್ಪರ್ಧೆಗೆ ಇನ್ನು ಮೂರು ವಾರ. ಈ ಸಲವೂ ಗಡುವು ತಪ್ಪಿದರೆ ಅವಳ ಜಾಗಕ್ಕೆ ಬೇರೆಯವರು ಬರುತ್ತಾರೆ.

ಯಾವ ಫ್ರೇಮು ಎಂದು ಹೇಳಬೇಕಾದವರು ಸಂಘದ ಅಧ್ಯಕ್ಷ ದೊನ್ ಎಲಾದಿಯೊ. ಬೇಡವಾದದ್ದು ಇವತ್ತೇ ನಾಲ್ಕು ಗಂಟೆಯ ಬಸ್ಸಿಗೆ ಸಾನ್ ಹೊಸೆಯ ಅಂಗಡಿ ಮಾಲೀಕನಿಗೆ ವಾಪಸ್ಸು ಹೋಗಬೇಕು. ದೊನ್ ಎಲಾದಿಯೊಗೆ ಎಪ್ಪತ್ತೊಂದು. ಪ್ರಾಯದಲ್ಲಿ ಬೆಟ್ಟ ಹತ್ತುವುದರಲ್ಲಿ ಹೆಸರು ಮಾಡಿದವರು. ಬ್ರೇಕಿನ ಹಿಡಿಗೆ ತೂತು ಕೊರೆದು ತೂಕ ಇಳಿಸುತ್ತಿದ್ದರಂತೆ. ಸ್ಪರ್ಧೆಗೆ ಹೋಗುವಾಗ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿಕೊಳ್ಳುತ್ತಿದ್ದರಂತೆ. ಗ್ರಾಂ ಎಂಬ ಶಬ್ದ ಅವರ ಬಾಯಲ್ಲಿ ದೇವರ ಹೆಸರಿನಂತೆ ಬರುತ್ತಿತ್ತು.

ಈ ಗ್ರಾಂ ಭಕ್ತಿಯಲ್ಲಿ ಊರಿನ ಮಿಕ್ಕ ಸವಾರರೂ ಅವರ ಮಕ್ಕಳೇ. ಶನಿವಾರ ಮಧ್ಯಾಹ್ನ ಎಲ್ಲರೂ ಸೈಕಲ್ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ಮರಿಯೆಲೋಸಳ ಅಂಗಡಿಗೆ ಬರುತ್ತಾರೆ. ತಾಯಿಯ ಕಾಲದ ಕೊಕ್ಕೆ-ಮುಳ್ಳಿನ ತಕ್ಕಡಿ ಇನ್ನೂ ತೊಲೆಗೆ ನೇತಾಡುತ್ತಿದೆ. ಒಬ್ಬೊಬ್ಬರೂ ತಮ್ಮ ಸೈಕಲ್ಲನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. ಯಾರದು ಎಲ್ಲಕ್ಕಿಂತ ಹಗುರವೋ ಅವರಿಗೆ ಮಿಕ್ಕವರು ಕಾಫಿ ಕೊಡಿಸಬೇಕು. ಕೊಳಕು ಸೈಕಲ್ಲನ್ನು ಕೊಕ್ಕೆಗೆ ಹಾಕುವುದು ಅವಮಾನ. ಹಾಗೆ ಯಾರೂ ಇವತ್ತಿನವರೆಗೆ ಹಾಕಿರಲಿಲ್ಲ. ಆ ತಕ್ಕಡಿಗಾಗಿಯೇ ಎಷ್ಟೋ ಜನ ತೆಳ್ಳನೆ ಟೈರು, ಕಾಗದದಂಥ ಸೀಟು ಆರಿಸುವುದನ್ನು ಮರಿಯೆಲೋಸ್ ನೋಡಿದ್ದಳು. ಸೋಮವಾರ ಅವರೇ ಪಂಕ್ಚರ್ ಹಾಕಿಸಲು ಬರುವುದನ್ನೂ ನೋಡಿದ್ದಳು.

ಅವಳ ಎದೆಯಲ್ಲಿ ಚುಚ್ಚುತ್ತಿದ್ದದ್ದು ಬೇರೆ. ಕಳೆದ ವರ್ಷ ಗ್ರೆಟೆಲ್‌ಗೆ ಫ್ರೇಮು ಆರಿಸಿದವರು ದೊನ್ ಎಲಾದಿಯೊ, ಜೋಡಿಸಿದವಳು ಅವಳು. ಚಕ್ರ ಕೂರಿಸುವಾಗ ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳೂ ತೂರುವುದಿಲ್ಲ ಎಂದು ಕಂಡಿತ್ತು. ಹಿರಿಯರ ಮಾತಿಗೆ ಯಾಕೆ ಎದುರಾಡಲಿ ಎಂದು ಸುಮ್ಮನಾಗಿದ್ದಳು.

ಈ ಸಲ ಎರಡು ಫ್ರೇಮುಗಳಿಗೂ ಒಂದೇ ಬಗೆಯ ಚಕ್ರ, ಒಂದೇ ಟೈರು, ಮುಂದೆ ಮಾತ್ರ ಅದುರು ತಡೆಯುವ ಒಂದೇ ಬಗೆಯ ಫೋರ್ಕು ಹಾಕಿ ಮೊದಲೇ ಎರಡು ಸೈಕಲ್ಲು ಕಟ್ಟಿದ್ದಳು. ತೊಳೆದಿಟ್ಟಾಗ ಕಪ್ಪದು ಒಂಬತ್ತೂಕಾಲು ಕಿಲೋ, ಬೂದೀದು ಒಂಬತ್ತೂವರೆ. ಅದನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಇಟ್ಟಿದ್ದಳು.

"ನೋಡು, ನೀನೇ ಬರ್ದಿದ್ದೀಯ," ಎಂದರು ದೊನ್ ಎಲಾದಿಯೊ.

"ಬರ್ದಿದ್ದೀನಿ. ಹಲಗೇಲಿ ಇನ್ನೂ ಜಾಗ ಇದೆ."

ಗ್ರೆಟೆಲ್ ತೊರ್ತಿಯಾ ರೊಟ್ಟಿಯಲ್ಲಿ ಚೀಸು ಸುತ್ತಿಕೊಂಡು ತಿನ್ನುತ್ತ ಕಪ್ಪು ಸೈಕಲ್ಲಿನ ಮೈ ಸವರುತ್ತಿದ್ದಳು. ಅದರ ಮೇಲೆ ಅವಳಿಗೆ ಆಸೆ ಹುಟ್ಟಿದೆ ಎನ್ನುವುದು ಮರಿಯೆಲೋಸ್‌ಗೆ ಕಾಣುತ್ತಿತ್ತು. ಹೊಸ ಕರುವನ್ನು ಸವರುವ ಕೈಯದು.

"ಸಾಬೂನು ಏರು ಹತ್ತಿ ಬಾ," ಎಂದಳು ಮರಿಯೆಲೋಸ್. "ಮೊದ್ಲು ಕಪ್ಪದು, ಆಮೇಲೆ ಬೂದೀದು. ಎರಡರಲ್ಲೂ ಅದೇ ದಾರಿ. ಬಂದ್ಮೇಲೆ ನಲ್ಲಿ ಹತ್ರ ಹೋಗ್ಬೇಡ, ಸೀದಾ ನನ್ ಹತ್ರ ಬಾ."

"ತೊಳೀದೆ?"

"ತೊಳೀದೆ."

ಕಪ್ಪು ಸೈಕಲ್ಲಿನಲ್ಲಿ ಹೋದ ಗ್ರೆಟೆಲ್ ಒಂದು ಗಂಟೆ ಕಳೆದು ಬಂದಳು, ಕೊನೆಯ ಕಾಲುಭಾಗ ನಡೆದುಕೊಂಡೇ. ಅಷ್ಟು ಹೊತ್ತಿಗೆ ಶನಿವಾರದ ಏಳೆಂಟು ಜನ ತಮ್ಮ ಮಿರಮಿರ ಮಿಂಚುವ ಸೈಕಲ್ಲುಗಳ ಜೊತೆ ಸೇರಿದ್ದರು. ಅಭ್ಯಾಸದಂತೆ ಅವಳು ನಲ್ಲಿಯ ಕಡೆ ತಿರುಗಿದ್ದೇ ತಡ, ಮರಿಯೆಲೋಸ್ ಕೂಗಿದಳು.

"ನಿಲ್ಲು! ನೀರು ಮುಟ್ಟಬೇಡ ಅಂದಿದ್ದೆ!"

ಸೈಕಲ್ಲನ್ನು ತಾನೇ ಎತ್ತಿ ಕೊಕ್ಕೆಗೆ ಸಿಕ್ಕಿಸಿದಳು. ಕೆಂಪು ಕೆಸರು ನೆಲಕ್ಕೆ ತೊಪತೊಪನೆ ಉದುರಿತು.

"ಅಯ್ಯೋ, ದೋನ್ಯಾ ಮರಿಯೆಲೋಸ್, ಸ್ನಾನ ಮಾಡಿಸ್ದೆ ತಕ್ಕಡಿಗಾ?" ಒಬ್ಬ ಮೂಗು ಮುಚ್ಚಿಕೊಂಡ. "ಹೆಣಾನೂ ತೊಳ್ದು ಮಲಗಿಸ್ತಾರೆ!"

"ಇದು ಬದುಕಿರೋ ಸೈಕಲ್ಲು ಕಣಪ್ಪ. ಬದುಕಿರೋದು ಕೊಳೆ ಆಗುತ್ತೆ. ಮುಳ್ಳು ಓದು."

ಅವನು ಬಗ್ಗಿ ಓದಿದ. ಮತ್ತೊಮ್ಮೆ ಓದಿದ. "ಹದಿಮೂರೂವರೆ."

ನಾಲ್ಕೂಕಾಲು ಕಿಲೋ ಕೆಸರು. ಟೈರಿಗೂ ಫ್ರೇಮಿಗೂ ನಡುವೆ ಅದು ಇಟ್ಟಿಗೆಯ ಹಾಗೆ ಕೂತಿತ್ತು. ಹಿಂದಿನ ಚಕ್ರ ತಿರುಗಿಸಿದರೆ ಅಲುಗಲಿಲ್ಲ.

ಗ್ರೆಟೆಲ್ ಒಂದು ಲೋಟ ಬಿಸಿ ಬೆಲ್ಲದ ನೀರು ಕುಡಿದು ಬೂದು ಸೈಕಲ್ ಹತ್ತಿದಳು. ಕಾಯುವಾಗ ಮರಿಯೆಲೋಸ್ ಸುಮ್ಮನೆ ಕೂರಲಿಲ್ಲ. ಬ್ರೇಕಿನ ಹೊಸ ಬಿಲ್ಲೆಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಜ್ವಾಲಾಮುಖಿಯ ಬೂದಿ ಬೆರೆತ ಈ ಮಣ್ಣು ಮೆತ್ತನೆಯ ಬಿಲ್ಲೆಯನ್ನು ಒಂದೇ ಇಳಿಜಾರಿನಲ್ಲಿ ತಿಂದುಬಿಡುತ್ತದೆ. ಲೋಹ ಬೆರೆತದ್ದೇ ಬೇಕು. ಕಪ್ಪು ಫ್ರೇಮಿನಲ್ಲಿ ಪೆಡಲಿನ ಬೇರಿಂಗನ್ನು ಒತ್ತಿ ಕೂರಿಸಬೇಕು, ಕೆಸರು ನುಗ್ಗಿದರೆ ಕಿರುಗುಟ್ಟಲು ಶುರು. ಬೂದು ಫ್ರೇಮಿನಲ್ಲಿ ಅದು ಸ್ಕ್ರೂವಿನ ಹಾಗೆ ಸುತ್ತುಗಳಿದ್ದದ್ದು. ಗ್ರೆಟೆಲ್ ತಮ್ಮ ಕೊಟ್ಟಿಗೆಯಲ್ಲೇ ಬಿಚ್ಚಿ, ಒರೆಸಿ, ತಿರುಗಿಸಿ ಕೂರಿಸಬಹುದು. ಹುಡುಗಿ ಮನೆಯಲ್ಲಿ ಸರಿಮಾಡಿಕೊಳ್ಳಲಾಗದ ಸೈಕಲ್ಲು ಹುಡುಗಿಯದಲ್ಲ ಎಂಬುದು ಮರಿಯೆಲೋಸಳ ನಂಬಿಕೆ.

ಮುಕ್ಕಾಲು ಗಂಟೆಗೆಲ್ಲ ಗ್ರೆಟೆಲ್ ಸೀಟಿನ ಮೇಲೆ ಕೂತೇ ಬಂದಳು. ಮುಖದ ತುಂಬ ಕೆಸರು, ಅದರ ನಡುವೆ ಹಲ್ಲು.

"ಹತ್ತಿದೆ!" ಎಂದಳು. "ತುದೀವರೆಗೂ ಹತ್ತಿದೆ, ಕಾಲು ಕೆಳಗಿಡಲಿಲ್ಲ!"

ತಕ್ಕಡಿಯ ಮುಳ್ಳು ಹನ್ನೊಂದಕ್ಕೆ ನಿಂತಿತು.

"ಮತ್ತೆ ಕಪ್ಪದು ಹೇಗಿತ್ತು?" ಎಂದು ಮರಿಯೆಲೋಸ್ ಅವಳನ್ನೇ ಕೇಳಿದಳು.

ಗ್ರೆಟೆಲ್ ಗೋಡೆಗೆ ಒರಗಿದ್ದ ಕಪ್ಪು ಸೈಕಲ್ಲನ್ನು ಒಂದು ಕ್ಷಣ ನೋಡಿದಳು. "ನೋಡೋಕೆ ಚೆಂದ, ದೋನ್ಯಾ. ಹೆಗಲ ಮೇಲೆ ಹೊರೋಕೆ ಅಷ್ಟು ಚೆಂದ ಇಲ್ಲ. ಹೋದ್ಸಲ ಹೊತ್ತು ಸಾಕಾಗಿದೆ ನಂಗೆ."

"ಅದೆಲ್ಲ ಮಳೆ ದಿನದ ಮಾತು," ದೊನ್ ಎಲಾದಿಯೊ ಸ್ಟೂಲಿನಿಂದ ಎದ್ದರು. "ಸ್ಪರ್ಧೆ ದಿನ ನೆಲ ಒಣಗಿದ್ರೆ? ಆಗ ಈ ಇನ್ನೂರರವತ್ತು ಗ್ರಾಂ ಯಾರು ಹೊರ್ತಾರೆ?"

"ತುರಿಯಾಲ್ಬದಲ್ಲಿ ನೆಲ ಒಣಗಿದ ದಿನ ಹೇಳಿ ಕಳಿಸಿ, ಅಂಗಡಿ ಬಾಗಿಲು ಹಾಕ್ಕೊಂಡು ನಾನೂ ನೋಡೋಕೆ ಬರ್ತೀನಿ."

ಸುತ್ತ ನಿಂತವರು ಗೊಳ್ಳೆಂದರು. ಮುದುಕರ ಮುಖ ಕೆಂಪಾಯಿತು. "ಮರಿಯೆಲೋಸ್, ನಿಂಗೆ ಮೊದಲನೇ ಸ್ಪೋಕು ಬಿಗಿಯೋದು ಹೇಳಿಕೊಟ್ಟೋನು ನಾನು."

"ಹೌದು, ನೀವೇ." ಅವಳ ದನಿ ತಗ್ಗಿತು, ಆದರೆ ಅಲುಗಲಿಲ್ಲ. "ಅದಕ್ಕೇ ಹೋದ ವರ್ಷ ಸುಮ್ನಿದ್ದೆ. ಚಕ್ರ ಕೂರಿಸೋವಾಗ್ಲೇ ಗೊತ್ತಾಗಿತ್ತು, ಮಧ್ಯ ಬೆರಳು ಹೋಗಲ್ಲ ಅಂತ. ನೀವು ಆರಿಸಿದ್ರಿ, ನಾನು ಬಾಯಿ ಬಿಡಲಿಲ್ಲ. ಈ ಹುಡುಗಿ ನಾಲ್ಕು ಕಿಲೋಮೀಟರು ನಡೆದ್ಲು. ಆ ಹನ್ನೊಂದು ನಿಮಿಷ ಅವಳದಲ್ಲ, ದೊನ್ ಎಲಾದಿಯೊ. ಐದೂವರೆ ನಿಮ್ದು, ಐದೂವರೆ ನಂದು. ನನ್ನ ಪಾಲು ನಾನು ಇವತ್ತು ವಾಪಸ್ಸು ಕೊಡ್ತಿದ್ದೀನಿ."

ತೊಳೆದ ಸೈಕಲ್ಲುಗಳ ನಡುವೆ ಕೆಸರಿನ ಬೂದು ಸೈಕಲ್ಲು ಕೊಕ್ಕೆಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ದೊನ್ ಎಲಾದಿಯೊ ಅದರ ಬಳಿ ಬಂದು, ಕನ್ನಡಕ ಹಣೆಗೆ ಏರಿಸಿ, ಹಿಂದಿನ ಟೈರಿಗೂ ಫ್ರೇಮಿಗೂ ನಡುವೆ ತಮ್ಮ ಹೆಬ್ಬೆರಳನ್ನು ತೂರಿಸಿದರು. ಒಳಗೆ ಹೋಯಿತು. ಹೊರಗೆ ಬಂತು. ಕೆಂಪಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಅವತ್ತು ನಡೀತಾ ಅತ್ತಿದ್ಯಾ ನೀನು?" ಎಂದು ಗ್ರೆಟೆಲ್‌ಳನ್ನು ಕೇಳಿದರು.

"ಇಲ್ಲ ದೊನ್, ಬಯ್ದೆ."

"ಯಾರಿಗೆ?"

"ಹೆಸರು ಹೇಳೋದು ಬೇಡ ಬಿಡಿ."

ಮುದುಕರು ಕೆಮ್ಮಿದರು, ಆ ಕೆಮ್ಮಿನಲ್ಲಿ ನಗು ಸೇರಿತ್ತು. "ಬೂದೀದೇ ಇರ್ಲಿ," ಎಂದರು. "ಸಂಘದ ಹೆಸರಲ್ಲಿ ಬರ್ಕೋ. ಬೂದೀದೇ."

ಗ್ರೆಟೆಲ್ ಕೆಸರುಗೈಯಲ್ಲೇ ಅವರ ಕುತ್ತಿಗೆಗೆ ಜೋತುಬಿದ್ದಳು. ಬಿಳಿ ಶರಟಿನ ಬೆನ್ನ ಮೇಲೆ ಎರಡು ಕೆಂಪು ಅಂಗೈ ಮೂಡಿದವು. ಮರಿಯೆಲೋಸ್ ಆಗಲೇ ಕಪ್ಪು ಸೈಕಲ್ಲನ್ನು ನಲ್ಲಿಯ ಕೆಳಗೆ ಹಿಡಿದಿದ್ದಳು. ಅರ್ಧ ಗಂಟೆಯಲ್ಲಿ ಅದನ್ನು ತೊಳೆದು, ಬಿಚ್ಚಿ, ಫ್ರೇಮನ್ನು ಹಳೆ ಕಂಬಳಿಯಲ್ಲಿ ಸುತ್ತಿ ಡಬ್ಬಕ್ಕೆ ಇಳಿಸಿದಳು. ಅದರ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಒಣ ನೆಲದ ಯಾವುದೋ ಊರಲ್ಲಿ ಅದು ಯಾರನ್ನೋ ಹಕ್ಕಿಯ ಹಾಗೆ ಮೇಲಕ್ಕೆ ಒಯ್ಯುತ್ತದೆ, ಒಯ್ಯಲಿ.

ಅಷ್ಟು ಹೊತ್ತಿಗೆ ದೊನ್ ಎಲಾದಿಯೊಗೆ ಉಸಿರು ಮರಳಿತ್ತು.

"ಫ್ರೇಮಿನ ವಿಷ್ಯ ಆಯ್ತು, ಒಪ್ದೆ. ಆದ್ರೆ ಮುಂದಿನ ಹಲ್ಲುಚಕ್ರ ಮೂವತ್ತೆರಡು ಹಲ್ಲಿಂದು ಹಾಕಿದ್ದೀಯಲ್ಲ, ಅದನ್ನ ನಾನು ಒಪ್ಪಲ್ಲ. ಮೂವತ್ನಾಲ್ಕು ಬೇಕು. ಬಯಲಲ್ಲಿ ಇವಳು ಗಾಳಿಗೆ ಕಾಲು ಆಡಿಸ್ಬೇಕಾಗುತ್ತೆ."

"ಬಯಲು ಆರು ಕಿಲೋಮೀಟರು, ಏರು ಮೂವತ್ತು," ಎಂದಳು ಮರಿಯೆಲೋಸ್ ಡಬ್ಬಕ್ಕೆ ಟೇಪು ಎಳೆಯುತ್ತ. "ಹಲ್ಲು ಕಮ್ಮಿ ಇದ್ರೇ ಏರಲ್ಲಿ ಹಗುರ. ಮೂವತ್ತೆರಡು."

"ನಮ್ ಕಾಲದಲ್ಲಿ ನಲವತ್ತೆರಡು ಹಲ್ಲು ತುಳೀತಿದ್ವಿ!"

"ಅದಕ್ಕೇ ಈಗ ಮೊಣಕಾಲು ಹಿಡ್ಕೊಂಡು ಸ್ಟೂಲಿಂದ ಏಳ್ತೀರಿ."

"ಮೊಣಕಾಲಿನ ಸುದ್ದಿ ಬೇರೆ! ಕೇಳಿಲ್ಲಿ, ಮೂವತ್ನಾಲ್ಕರಲ್ಲಿ ಒಂದು ಸುತ್ತಿಗೆ ಎಷ್ಟು ದೂರ ಸಿಗುತ್ತೆ ಗೊತ್ತಾ, ಹಿಂದೆ ಐವತ್ತೆರಡು ಇದ್ದೇ ಇದೆ, ಏರಲ್ಲಿ ಅದನ್ನ ಹಾಕ್ಕೊಂಡ್ರೆ..."

ಮರಿಯೆಲೋಸ್ ಡಬ್ಬವನ್ನು ಹೆಗಲಿಗೇರಿಸಿದಳು. ಮೇಲಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ದೊನ್ ಎಲಾದಿಯೊ ಬೆರಳು ಮಡಚುತ್ತ ಹಲ್ಲುಗಳನ್ನು ಎಣಿಸುತ್ತಲೇ ಇದ್ದರು. ಅವರ ಪಕ್ಕದಲ್ಲೇ ಹಾದು, ಹೊಸ್ತಿಲು ದಾಟಿ, ಅವಳು ಬಸ್ಸಿನ ಕಡೆಗೆ ನಡೆದುಬಿಟ್ಟಳು.