ಚಪ್ಪಲಿ ಹಿಡಿದು ನಿಂತವರು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಮುಂದೆ ಎಷ್ಟೇ ಸೀಟು ಖಾಲಿಯಿರಲಿ, ಶಮೀಮ್ ಖಾಲಾ ಹಿಂದಿನ ಸಾಲಿಗೇ ಹೋಗಿ ಕೂರುತ್ತಿದ್ದರು. ಬಸ್ಸು ರಸ್ತೆಯ ಹಂಪಿನ ಮೇಲೆ ಹಾರಿದಾಗ ನಾವೆಲ್ಲ ಡ್ರೈವರನಿಗೆ ಶಾಪ ಹಾಕಿದರೆ ಅವರು ಬುರ್ಖಾದೊಳಗೆ ಕಿಲಕಿಲ ನಗುತ್ತಿದ್ದರು.

“ಮುಂದ ಕುಂತ್ರ ಬರೇ ಊರು ಮುಟ್ಟತೀವಿ ಬೇಟಿ. ಹಿಂದ ಕುಂತ್ರ ಮಜಾನೂ ಆಗ್ತದ.”

ಬಸವಕಲ್ಯಾಣದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರ ಗಂಡ ಗಫೂರ್ ಚಾಚಾ ಬಳೆ ಅಂಗಡಿ ಇಟ್ಟಿದ್ದರು. ಮಾಳಿಗೆ ಹತ್ತಲೂ ಹೆದರುವ ಮನುಷ್ಯ. ಆದರೂ ಪ್ರತಿ ವರ್ಷ ದರ್ಗಾದ ಉರುಸಿನಲ್ಲಿ ಹೆಂಡತಿಯನ್ನು ತಿರುಗುವ ತೊಟ್ಟಿಲಿನ ದೊಡ್ಡ ಝೂಲಾದ ಹತ್ತಿರ ತಾವೇ ಕರೆದುಕೊಂಡು ಹೋಗುತ್ತಿದ್ದರು. ಕಾಲಿನಿಂದ ಜಾರಿ ಬೀಳಬಾರದೆಂದು ಖಾಲಾ ಚಪ್ಪಲಿ ಬಿಚ್ಚಿ ಅವರ ಕೈಗೆ ಕೊಟ್ಟು ಹತ್ತುತ್ತಿದ್ದರು. ನಾನೂ ಪುಕ್ಕಲಿಯೇ, ಕೆಳಗೆ ಚಾಚಾನ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಝೂಲಾ ತಿರುಗತೊಡಗಿದ್ದೇ ತಡ, ಚಾಚಾ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ಗಟ್ಟಿಯಾಗಿ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ದುವಾ ಓದುತ್ತಿದ್ದರು. ಖಾಲಾ ಇಳಿದು ಬಂದು, “ನೋಡಿದ್ರೇನ?” ಎಂದರೆ, “ನಗಕೋತ ನಿನ್ನೇ ನೋಡಾಕತ್ತಿದ್ದೆ” ಅನ್ನುತ್ತಿದ್ದರು. ನಾನು ಯಾವತ್ತೂ ಬಾಯಿ ಬಿಡಲಿಲ್ಲ.

ಚಾಚಾನಿಗೆ ಉಮ್ರಾ ಯಾತ್ರೆ ಮಾಡುವ ಆಸೆ ಬಹಳವಿತ್ತು. ಅದು ಕೈಗೂಡುವ ಮೊದಲೇ ತೀರಿಕೊಂಡರು. ರಿಯಾಧಿನಲ್ಲಿ ಗಾಡಿ ಓಡಿಸುವ ಮಗ ಸಲೀಮ ಈಚೆಗೆ ತಾಯಿಯನ್ನು ಕರೆಸಿಕೊಳ್ಳುವುದಾಗಿ ಹೇಳಿದ. ತಮ್ಮ ಉಮ್ರಾ ಮುಗಿಸಿ, ಗಂಡನ ಹೆಸರಿನಲ್ಲೂ ಒಂದು ಮಾಡಿ ಬರುವುದೆಂದು ಖಾಲಾ ನಿಶ್ಚಯಿಸಿದರು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಸಲೀಮ ಫೋನಿಗೆ ಒಂದು ವಿಡಿಯೋ ಕಳಿಸಿ ಕೆಡಿಸಿದ. ರಿಯಾಧಿನ ಹತ್ತಿರ ಹೊಸದಾಗಿ ಶುರುವಾದ ರೋಲರ್‌ಕೋಸ್ಟರ್, ಜಗತ್ತಿನಲ್ಲೇ ಎತ್ತರದ್ದು, ಜೋರಿನದು, ಗುಡ್ಡದ ಅಂಚಿನಿಂದ ನೆಟ್ಟಗೆ ಕೆಳಗೆ ಧುಮುಕುವಂಥದ್ದು. ಖಾಲಾ ರೊಟ್ಟಿ ಬಡಿಯುತ್ತ ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ರೊಟ್ಟಿ ಸೀದು ಹೋಗುತ್ತಿತ್ತು.

ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು ದನಿ ತಗ್ಗಿಸಿ ಕೇಳಿದರು.

“ಅವರ ಹೆಸರಿಲೆ ಉಮ್ರಾಕ್ಕ ಹೊಂಟೀನಿ. ಅದರಾಗ ನನ್ನ ಮೋಜು ಸೇರಿಸಿದ್ರ ಗುನ್ಹಾ ಆಗಲ್ಲೇನ? ಮಂದಿ ಏನಂತಾರ, ಮುದುಕಿ ಅಲ್ಲಾಹ್‌ನ ಮನಿಗಿ ಹೋಗಿತ್ತೋ, ಝೂಲಾಕ್ಕ ಹೋಗಿತ್ತೋ?”

“ಮಂದಿಗೆ ಹೇಳವರ್ಯಾರು? ಹತ್ತಿ ಬರ್ರಿ ಖಾಲಾ. ಚಾಚಾ ಇದ್ದಿದ್ರ ತಾವೇ ಹತ್ತಿಸ್ತಿದ್ರು,” ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ! ಡಾಕ್ಟರನ್ನು ಕೇಳಿಕೊಂಡು ಬನ್ನಿ ಎಂದೂ ನಾನೇ ಕಳಿಸಿದೆ. ಅವನು ಎದೆ ಗಟ್ಟಿಯಿದೆ ಎಂದ.

ಮರಳಿ ಬಂದ ಮೇಲೆ ಓಣಿಗೆಲ್ಲ ಝಮ್‌ಝಮ್ ನೀರು, ಖರ್ಜೂರ ಹಂಚಿದರು. ಝೂಲಾದ ಮಾತೇ ಇಲ್ಲ. ನಾನು ಕೆದಕಿದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು.

“ಹತ್ತಿದೆ. ಚಪ್ಪಲ್ ಒಂದು ಡಬ್ಬಿದಾಗ ಇಡಿಸಿದ್ರು. ಏನ್ ಹಾರ್ತದ ಬೇಟಿ, ಜೀವ ಒಂದ್ ಕಡಿ, ನಾ ಒಂದ್ ಕಡಿ! ಇಳದು ಬರಿಗಾಲಿಲೆ ಬಂದು, ಚಪ್ಪಲ್ ಇಸಕೊಳ್ಳಾಕ ಅವರನ್ನ ಹುಡುಕಿದೆ. ಸಲೀಮ ಯಾರನ್ನ ಹುಡುಕಾಕತ್ತಿ ಅಮ್ಮೀ ಅಂದ. ಅವರು ಇಲ್ಲ ಅಂಬೋದೇ ಮರೆತಿದ್ದೆ. ಅವರ ಹೆಸರಿಲೆ ಹೋದಾಕಿ, ಅವರು ಸತ್ತಿದ್ದೇ ಮರೆತೆ.”

ಆ ದಿನದಿಂದ ಅವರು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರತೊಡಗಿದರು. ಅದನ್ನು ಕಂಡಾಗಲೆಲ್ಲ ತಪ್ಪು ನನ್ನದೇ ಅನ್ನಿಸುತ್ತಿತ್ತು. ಹತ್ತಿ ಬನ್ನಿ ಎಂದವಳು ನಾನೇ ಅಲ್ಲವೇ?

ಖಾಲಾ ಈಗಿಲ್ಲ. ಕೊನೆಯ ಸಲ ನಾನು ಅವರನ್ನು ನೋಡಿದ್ದು ಹುಮನಾಬಾದಿನಲ್ಲಿ, ಅವರು ಮಗಳ ಮನೆಯಲ್ಲಿದ್ದಾಗ. ಊರಿನಲ್ಲಿ ಎಕ್ಸಿಬಿಷನ್ ಬಂದಿತ್ತು. ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಝೂಲಾದ ಮುಂದೆ ನಿಂತು, “ಹತ್ರಿ ಖಾಲಾ, ಚಪ್ಪಲ್ ನಾ ಹಿಡೀತೀನಿ,” ಎಂದೆ.

“ಬ್ಯಾಡ. ನೀ ಹತ್ತು. ಈ ಸಲ ಕೆಳಗ ನಾ ನಿಲ್ತೀನಿ.”

ಇಲ್ಲವೆನ್ನಲು ಯಾವ ಮುಖವಿತ್ತು ನನಗೆ? ಚಪ್ಪಲಿ ಬಿಚ್ಚಿ ಕೊಟ್ಟು ಹತ್ತಿದೆ. ಮೇಲೆ ಹೋದಾಗ ಕಂಬಿ ಬಿಗಿಯಾಗಿ ಹಿಡಿದು ಕೆಳಗೆ ನೋಡಿದೆ. ಖಾಲಾ ನನ್ನ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ತುಟಿಗಳು ಅಲುಗುತ್ತಿದ್ದವು.

ಇಳಿದು ಬಂದಾಗ ಅವರ ಮುಖವೆಲ್ಲ ಬೆವತಿತ್ತು.

“ಕೆಳಗ ನಿಂತವರಿಗಿ ಇಷ್ಟು ಅಂಜಿಕಿ ಆಗ್ತದೇನ? ಅಷ್ಟು ವರ್ಷ ಹತ್ತಿದೆ, ಒಂದ್ ಸಲಾನೂ ಕೆಳಗ ನೋಡಲಿಲ್ಲ ನಾ.” ನನ್ನ ಕಡೆ ತಿರುಗಿ ಕೇಳಿದರು. “ನೀ ಬಾಜೂಕ ಇರ್ತಿದ್ದಿ. ಖರೇ ಹೇಳು, ಅವರು ಹ್ಯಾಂಗ ನಿಲ್ತಿದ್ರು?”

“ನಗಕೋತ ನಿಲ್ತಿದ್ರು ಖಾಲಾ. ನಿಮ್ಮನ್ನೇ ನೋಡಕೋತ.”

“ಅವರೂ ಇದೇ ಸುಳ್ಳು ಹೇಳ್ತಿದ್ರು,” ಎಂದು ಖಾಲಾ ಚಪ್ಪಲಿಗಳನ್ನು ನನ್ನ ಕಾಲ ಹತ್ತಿರ ಇಟ್ಟರು.